ಎರಡು ಮ್ಯಾಂಚೆಸ್ಟರ್‌ಗಳ ನಡುವೆ

ದಾವಣಗೆರೆಯ ವಿದ್ಯಾನಗರ ಹೆಸರಿಗೆ ತಕ್ಕ ಬಡಾವಣೆ. ಬೆಳಕು ಹರಿಯುವ ಹೊತ್ತಿಗೇ ಬೆನ್ನಿಗೆ ಚೀಲ ಏರಿಸಿ ಟ್ಯೂಷನ್ನಿಗೆ ಹೊರಟ ಹುಡುಗ ಹುಡುಗಿಯರು, ಬಾಡಿಗೆ ಕೋಣೆಗಳ ಕಿಟಕಿಗಳಲ್ಲಿ ಒಣಗುವ ಸಮವಸ್ತ್ರಗಳು, ಗೇಟಿನ ಬಳಿ ನಿಂತು ಫೀಜಿನ ಲೆಕ್ಕ ಹಾಕುವ ತಂದೆ ತಾಯಿಗಳು ಇಲ್ಲಿನ ನಿತ್ಯದ ನೋಟ. ಈ ಮಕ್ಕಳು ಸಮಾಜ ವಿಜ್ಞಾನದ ಪರೀಕ್ಷೆಗೆ ಬಾಯಿಪಾಠ ಮಾಡುವ ಪ್ರಶ್ನೆಗಳಲ್ಲಿ ಒಂದು ಹೀಗಿದೆ: ‘ಮುಂದುವರಿದ ರಾಷ್ಟ್ರಗಳಿಗೂ ಮುಂದುವರಿಯುತ್ತಿರುವ ರಾಷ್ಟ್ರಗಳಿಗೂ ಇರುವ ವ್ಯತ್ಯಾಸಗಳೇನು?’

ಉತ್ತರವೂ ಸಿದ್ಧವಾಗಿರುತ್ತದೆ. ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ಹೆಚ್ಚು ತಲಾ ಆದಾಯ, ಹೆಚ್ಚು ಕೈಗಾರಿಕೆ, ಹೆಚ್ಚು ಸಾಕ್ಷರತೆ, ದೀರ್ಘ ಆಯುಸ್ಸು. ಬಲಕ್ಕೆ ಇವೆಲ್ಲದರ ಕೊರತೆ. ಅಂಕ ಸಿಗುತ್ತದೆ. ಆದರೆ ಆ ಗೆರೆ ಎಲ್ಲಿಂದ ಬಂತು, ಅದನ್ನು ದಾಟಲು ಸಾಧ್ಯವೇ ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ. ಅದನ್ನು ತಿಳಿಯಲು ವಿದ್ಯಾನಗರದಿಂದ ಹೊರಟು ಊರನ್ನು ಹಾದು ಹರಿಹರದ ಹೊಳೆಯವರೆಗೆ ಹೋದರೆ ಸಾಕು. ಜೊತೆಗೆ ಇಂಗ್ಲೆಂಡಿನ ಒಂದು ಊರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅದು ಮ್ಯಾಂಚೆಸ್ಟರ್. ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಬಂದದ್ದು ಆ ಊರಿನಿಂದಲೇ.

ಮಿಲ್ಲುಗಳ ಊರು

ಕಪ್ಪು ಮಣ್ಣಿನ ಹತ್ತಿ ದಾವಣಗೆರೆಯನ್ನು ವ್ಯಾಪಾರದ ಪೇಟೆಯಾಗಿ ಬೆಳೆಸಿತು. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ಲು ಬಂತು. ಅದರ ಹಿಂದೆ ಇನ್ನೂ ಹಲವು ಮಿಲ್ಲುಗಳು ಬಂದವು. ಮಿಲ್ಲಿನ ಸೈರನ್ನು ಊರಿಗೇ ಗಡಿಯಾರವಾಯಿತು. ಕಾರ್ಮಿಕ ಸಂಘಟನೆ ಎಷ್ಟು ಬಲವಾಗಿತ್ತೆಂದರೆ, ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಈ ಊರು 1978, 1983 ಮತ್ತು 1985ರಲ್ಲಿ ಮೂರು ಬಾರಿ ವಿಧಾನಸಭೆಗೆ ಕಳಿಸಿತು. ಬಳಿಕ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಡಿಸಿಎಂ ಟೌನ್‌ಶಿಪ್ ಎಂಬ ಹೆಸರು ಬಸ್ಸಿನವರ ಬಾಯಲ್ಲಿ ಉಳಿದಿದೆ. ಆ ಹೆಸರಿನ ಹಿಂದಿದ್ದ ಮಿಲ್ಲಿನ ಸದ್ದು ಇಂದಿನ ಮಕ್ಕಳಿಗೆ ಗೊತ್ತಿಲ್ಲ.

ಹಾಗಾದರೆ ಮಿಲ್ಲು ಇರುವುದು ಮುಂದುವರಿದ ಊರು, ಮಿಲ್ಲು ಮುಚ್ಚಿದ್ದು ಹಿಂದುಳಿದ ಊರು ಎನ್ನಬಹುದೇ? ಅಸಲಿ ಮ್ಯಾಂಚೆಸ್ಟರಿನಲ್ಲೂ ಮಿಲ್ಲುಗಳು ಉಳಿದಿಲ್ಲ. 1960 ಮತ್ತು 70ರ ದಶಕಗಳಲ್ಲಿ ಆ ಸೀಮೆಯ ಹತ್ತಿ ಮಿಲ್ಲುಗಳು ಸಾಲುಸಾಲಾಗಿ ಮುಚ್ಚಿದವು. ಜಗತ್ತಿನ ಹತ್ತಿಯ ದರವನ್ನು ಕೂಗುತ್ತಿದ್ದ ಅಲ್ಲಿನ ರಾಯಲ್ ಎಕ್ಸ್‌ಚೇಂಜ್‌ನಲ್ಲಿ 1968ರಲ್ಲಿ ವಹಿವಾಟು ನಿಂತಿತು. ಆ ಕಟ್ಟಡದೊಳಗೆ ಈಗ ನಾಟಕಮಂದಿರವಿದೆ. ಜನಸಂಖ್ಯೆಯಲ್ಲೂ ಎರಡು ಊರುಗಳು ತೀರಾ ದೂರವಿಲ್ಲ. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ, 2021ರ ಗಣತಿಯಲ್ಲಿ ಮ್ಯಾಂಚೆಸ್ಟರ್ ನಗರದ್ದು ಸುಮಾರು 5.52 ಲಕ್ಷ. ಆದರೂ ಒಂದು ಮುಂದುವರಿದ ರಾಷ್ಟ್ರದಲ್ಲಿದೆ, ಇನ್ನೊಂದು ಮುಂದುವರಿಯುತ್ತಿರುವ ರಾಷ್ಟ್ರದಲ್ಲಿದೆ. ವ್ಯತ್ಯಾಸವನ್ನು ಬೇರೆಡೆ ಹುಡುಕಬೇಕು.

ಹದಿನೇಳು ವರ್ಷದ ಆಯುಸ್ಸು

ಮ್ಯಾಂಚೆಸ್ಟರ್ ಹುಟ್ಟಿದಾಗಲೇ ಅಚ್ಚುಕಟ್ಟಾದ ಊರಾಗಿರಲಿಲ್ಲ. 1842ರಲ್ಲಿ ಎಡ್ವಿನ್ ಚಾಡ್ವಿಕ್ ಎಂಬ ಅಧಿಕಾರಿ ಬ್ರಿಟನ್ನಿನ ಕಾರ್ಮಿಕರ ಆರೋಗ್ಯದ ಬಗ್ಗೆ ವರದಿ ಪ್ರಕಟಿಸಿದರು. ಮ್ಯಾಂಚೆಸ್ಟರಿನ ಕಾರ್ಮಿಕ ಕುಟುಂಬಗಳಲ್ಲಿ ಸಾಯುವವರ ಸರಾಸರಿ ವಯಸ್ಸು 17 ವರ್ಷ ಎಂದು ಅದರಲ್ಲಿ ದಾಖಲಾಗಿದೆ. ರಟ್‌ಲ್ಯಾಂಡ್ ಎಂಬ ಹಳ್ಳಿಗಾಡಿನ ಕೂಲಿಕಾರರಲ್ಲಿ ಅದು 38 ಇತ್ತು. ಹಸುಗೂಸುಗಳ ಸಾವು ಸರಾಸರಿಯನ್ನು ಅಷ್ಟು ಕೆಳಗೆ ಎಳೆದಿತ್ತು. ಜಗತ್ತಿಗೇ ಬಟ್ಟೆ ತೊಡಿಸುತ್ತಿದ್ದ ಶ್ರೀಮಂತ ಊರಿನಲ್ಲಿ ಮಕ್ಕಳು ಕೊಳಚೆ ನೀರು ಕುಡಿದು ಸಾಯುತ್ತಿದ್ದರು. ನಡುವೆ ಹರಿಯುವ ಇರ್ವೆಲ್ ನದಿ ಬಣ್ಣದ ಕಾರ್ಖಾನೆಗಳ ಮೋರಿಯಾಗಿತ್ತು.

ಅಲ್ಲಿಂದ ಮುಂದೆ ನಡೆದದ್ದು ಮುಖ್ಯ. 1848ರಲ್ಲಿ ನಗರಸಭೆ ಲಾಂಗ್‌ಡೆಂಡೇಲ್ ಕಣಿವೆಯಲ್ಲಿ ಜಲಾಶಯಗಳ ಸಾಲು ಕಟ್ಟಲು ತೊಡಗಿತು. 1894ರಲ್ಲಿ ಸುಮಾರು 150 ಕಿ.ಮೀ. ದೂರದ ಥರ್ಲ್‌ಮಿಯರ್ ಸರೋವರದಿಂದ, ಪಂಪಿನ ನೆರವಿಲ್ಲದೆ ಇಳಿಜಾರಿನ ಬಲದಿಂದಲೇ, ಊರಿಗೆ ನೀರು ಬಂತು. 1870ರ ಶಿಕ್ಷಣ ಕಾಯಿದೆ ಊರೂರಿನಲ್ಲಿ ಪ್ರಾಥಮಿಕ ಶಾಲೆಗೆ ದಾರಿ ಮಾಡಿತು. ನದಿಯ ಸರದಿ ಬಂದದ್ದು ಬಹಳ ತಡವಾಗಿ. 1985ರಲ್ಲಿ ಆರಂಭವಾದ ಮರ್ಸಿ ನದೀಪಾತ್ರದ ಶುದ್ಧೀಕರಣ ಚಳವಳಿಗೆ 25 ವರ್ಷ ಹಿಡಿಯಿತು. ಇಂಗ್ಲೆಂಡಿನ ನದಿಗಳಿಗೆ ಕೊಳಚೆ ಬಿಡುತ್ತಿದ್ದಾರೆಂಬ ದೂರು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಎದ್ದಿದೆ. ಮುಂದುವರಿಯುವುದು ಒಮ್ಮೆ ಪಾಸಾಗಿ ಮುಗಿಸುವ ಪರೀಕ್ಷೆಯಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಎಂಬುದನ್ನೂ ಮರೆಯಬಾರದು. ಮ್ಯಾಂಚೆಸ್ಟರಿನ ಹತ್ತಿಯಲ್ಲಿ ಬಹುಪಾಲು ಅಮೆರಿಕದ ಗುಲಾಮರು ಬೆಳೆದದ್ದು. ಬಟ್ಟೆಯ ದೊಡ್ಡ ಗಿರಾಕಿ ಭಾರತ. ಅಗ್ಗದ ಮಿಲ್ಲು ಬಟ್ಟೆಯ ಮುಂದೆ ಇಲ್ಲಿನ ನೇಕಾರರ ಮಗ್ಗಗಳು ಸೋತವು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಹತ್ತಿ ಬರುವುದು ನಿಂತಾಗ ಮ್ಯಾಂಚೆಸ್ಟರಿನ ಕಣ್ಣು ಭಾರತದ ಹತ್ತಿಯ ಮೇಲೆ ಬಿತ್ತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ತಳಿಯನ್ನು ಬೆಳೆಸತೊಡಗಿದ್ದರು. ‘ಧಾರವಾಡ–ಅಮೆರಿಕನ್’ ಎಂಬ ಹತ್ತಿಯ ಹೆಸರು ಆ ಕಾಲದ್ದು. ಎರಡು ಮ್ಯಾಂಚೆಸ್ಟರ್‌ಗಳಿಗೆ ನಂಟು ಬಿರುದಿಗಿಂತ ಹಳೆಯದು.

ಹೊಳೆಯ ದಂಡೆಯಲ್ಲಿ

ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹಳೆಯ ಹೆದ್ದಾರಿ ತುಂಗಭದ್ರೆಯನ್ನು ದಾಟುವುದು ಹರಿಹರದಲ್ಲಿ. 1868ರಲ್ಲಿ ಮುಗಿದ ಕಲ್ಲು–ಇಟ್ಟಿಗೆಯ ಸೇತುವೆಗೆ 60 ಅಡಿ ಅಗಲದ 14 ಕಮಾನುಗಳು. ಊರೊಳಗೆ ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯ. ಹರಿಹರ ಬೇರೆಯಲ್ಲ ಎಂದು ಒಂದೇ ಮೂರ್ತಿಯಲ್ಲಿ ತೋರಿಸಿದ ಊರಿನಲ್ಲಿ, ಇಪ್ಪತ್ತನೆಯ ಶತಮಾನ ಹೊಸ ಎರಡು ಮುಖಗಳನ್ನು ತೋರಿಸಿತು.

ಮೊದಲನೆಯದು ಯಂತ್ರ. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು. ಲೇತ್ ಎಂದರೆ ಯಂತ್ರಗಳನ್ನೇ ಹೆರುವ ಯಂತ್ರ. ಅದನ್ನು ತಾನೇ ಮಾಡಬಲ್ಲ ದೇಶ ಇತರ ಯಂತ್ರಗಳಿಗೆ ಕೈಯೊಡ್ಡಬೇಕಿಲ್ಲ. ಹರಿಹರದ ಲೇತುಗಳು ದೇಶದ ಕಾರ್ಖಾನೆಗಳಿಗೂ ತಾಂತ್ರಿಕ ಶಾಲೆಗಳಿಗೂ ಹೋದವು. ಕಾರ್ಖಾನೆಯ ಬಡಾವಣೆಗೆ ಯಂತ್ರಪುರ ಎಂದೇ ಹೆಸರಾಯಿತು. 1991ರ ಬಳಿಕ ಆಮದಿನ ಕಟ್ಟು ಸಡಿಲವಾಯಿತು; ಗಣಕಯಂತ್ರದ ಅಪ್ಪಣೆಯಂತೆ ತಾನೇ ಕೊರೆಯುವ ಯಂತ್ರಗಳ ಕಾಲ ಬಂತು. ಹೊಸ ಶತಮಾನದ ಆರಂಭದ ಹೊತ್ತಿಗೆ ಕಾರ್ಖಾನೆ ನಿಂತುಹೋಯಿತು. ಮೈಕ್ರಾನಿನ ಲೆಕ್ಕದಲ್ಲಿ ಲೋಹ ಹೆರೆಯಬಲ್ಲ ಕೈಗಳು ಕೆಲಸ ಹುಡುಕಿಕೊಂಡು ಊರು ಬಿಟ್ಟವು.

ಎರಡನೆಯದು ಹೊಳೆ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಕೆಲಸ ಆರಂಭಿಸಿತು. ಮರದಿಂದ ತಿರುಳು ತೆಗೆದು, ಆ ತಿರುಳಿನಿಂದ ರೇಯಾನ್ ನೂಲು. ಸಾವಿರಾರು ಜನರಿಗೆ ಅನ್ನವಾಯಿತು. 1980ರ ದಶಕದಲ್ಲಿ ಹೊಳೆಯಲ್ಲಿ ಮೀನು ಸಾಯುತ್ತಿವೆ ಎಂಬ ಕೂಗೂ ಎದ್ದಿತು. ತಿರುಳಿಗೆ ನೀಲಗಿರಿ ಬೆಳೆಯಲೆಂದು ಸರ್ಕಾರದ ಪಾಲುದಾರಿಕೆಯಲ್ಲಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಹುಟ್ಟಿದಾಗ, 30 ಸಾವಿರ ಹೆಕ್ಟೇರು ಜಮೀನಿನ ಪ್ರಶ್ನೆ ಬಂತು. ಹಳ್ಳಿಗಳಿಗೆ ಅದು ದನ ಮೇಯುವ, ಸೌದೆ ಕೊಡುವ ಗೋಮಾಳ. ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ಅದೇ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. 1991ರಲ್ಲಿ ಆ ಕಂಪನಿ ಮುಚ್ಚಿತು.

ಇರ್ವೆಲ್ ನದಿ ಸತ್ತಾಗ ಇಂಗ್ಲೆಂಡ್ ಮೊದಲು ಶ್ರೀಮಂತವಾಯಿತು, ನದಿಯನ್ನು ಆಮೇಲೆ ನೋಡಿಕೊಂಡಿತು. ಹರಿಹರದಂಥ ಊರುಗಳಿಗೆ ಆ ಅನುಕೂಲವಿಲ್ಲ. ತುಂಗಭದ್ರೆಯೇ ದಾವಣಗೆರೆಯ ಕುಡಿಯುವ ನೀರು. ರಾಜನಹಳ್ಳಿಯ ಪಂಪುಮನೆಯಿಂದ ಅದು ಊರಿಗೆ ಏರುತ್ತದೆ. ಮುಂದುವರಿಯುತ್ತಿರುವ ದೇಶ ಅನ್ನವನ್ನೂ ಹೊಳೆಯನ್ನೂ ಒಟ್ಟಿಗೇ ಉಳಿಸಿಕೊಳ್ಳಬೇಕು. ಇದು ಪಠ್ಯದ ಪಟ್ಟಿಯಲ್ಲಿ ಇಲ್ಲದ, ಆದರೆ ಎಲ್ಲಕ್ಕಿಂತ ಕಠಿಣವಾದ ವ್ಯತ್ಯಾಸ.

ಚೀಲದೊಳಗಿನ ಮ್ಯಾಂಚೆಸ್ಟರ್

ಇನ್ನೊಂದು ವ್ಯತ್ಯಾಸ ವಿದ್ಯಾನಗರದ ಮಕ್ಕಳ ಚೀಲದಲ್ಲೇ ಇದೆ. ವಿಜ್ಞಾನದ ಪುಸ್ತಕ ತೆರೆದರೆ ಪರಮಾಣು ಸಿದ್ಧಾಂತದ ಡಾಲ್ಟನ್ ಸಿಗುತ್ತಾರೆ. ಅವರು ಮ್ಯಾಂಚೆಸ್ಟರಿನಲ್ಲಿ ಮನೆಪಾಠ ಹೇಳಿ ಬದುಕಿದವರು. ಶಕ್ತಿಯ ಮಾನವಾದ ಜೂಲ್ ಡಾಲ್ಟನ್ನರ ಬಳಿ ಮನೆಪಾಠಕ್ಕೆ ಹೋದ ಹುಡುಗ. ಚಿನ್ನದ ತೆಳು ಹಾಳೆಯ ಪ್ರಯೋಗದಿಂದ 1911ರಲ್ಲಿ ಪರಮಾಣುವಿಗೆ ಬೀಜಕೇಂದ್ರವಿದೆ ಎಂದು ರುದರ್‌ಫರ್ಡ್ ತೋರಿಸಿದ್ದೂ ಅಲ್ಲಿಯೇ. ಆ ವಿಶ್ವವಿದ್ಯಾನಿಲಯದ ಮೂಲ 1851ರ ಓವೆನ್ಸ್ ಕಾಲೇಜು. ಅದನ್ನು ಕಟ್ಟಿದ್ದು ಜಾನ್ ಓವೆನ್ಸ್ ಎಂಬ ಬಟ್ಟೆ ವ್ಯಾಪಾರಿ ಬರೆದಿಟ್ಟುಹೋದ ಹಣದಿಂದ.

ದಾವಣಗೆರೆಯ ವರ್ತಕರೂ ಕೈ ಬಿಗಿಹಿಡಿದವರಲ್ಲ. ಛತ್ರಗಳು, ಶಾಲೆಗಳು, ಚಿಗಟೇರಿ ಆಸ್ಪತ್ರೆ ಅವರ ಉದಾರತೆಯ ಗುರುತುಗಳು. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಹುಟ್ಟಿತು. 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ. ಮಿಲ್ಲುಗಳು ಹೋದರೂ ಊರು ಬದುಕಿದ್ದು ಮುಖ್ಯವಾಗಿ ಕಾಲೇಜುಗಳಿಂದ. ಆದರೆ ಕಲಿಸುವ ಕಾಲೇಜು ಬೇರೆ, ಹೊಸದನ್ನು ಹುಡುಕುವ ಪ್ರಯೋಗಶಾಲೆ ಬೇರೆ. ಭಾರತ ತನ್ನ ಒಟ್ಟು ಉತ್ಪನ್ನದಲ್ಲಿ ಶೇ. 0.7ಕ್ಕಿಂತ ಕಡಿಮೆ ಹಣವನ್ನು ಸಂಶೋಧನೆಗೆ ಖರ್ಚು ಮಾಡುತ್ತದೆ. ದಕ್ಷಿಣ ಕೊರಿಯಾ ಶೇ. 5ರಷ್ಟು.

ಕೊರಿಯಾದ ಹೆಸರು ಸುಮ್ಮನೆ ಬಂದಿಲ್ಲ. 1960ರಲ್ಲಿ ಅದೂ ಬಡ ದೇಶವೇ. 2021ರಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮಾವೇಶ ಅದನ್ನು ಮುಂದುವರಿದ ರಾಷ್ಟ್ರಗಳ ಗುಂಪಿಗೆ ಸೇರಿಸಿತು. ಹಾಳೆಯ ಗೆರೆ ಎರಡು ತಲೆಮಾರಿನಲ್ಲಿ ದಾಟಿಹೋಯಿತು. ವಿಶ್ವಬ್ಯಾಂಕ್ ತನ್ನ ಅಂಕಿಅಂಶಗಳಲ್ಲಿ ‘ಅಭಿವೃದ್ಧಿಶೀಲ’ ಎಂಬ ವಿಂಗಡಣೆಯನ್ನು 2016ರಲ್ಲೇ ಕೈಬಿಟ್ಟು, ತಲಾ ಆದಾಯದ ನಾಲ್ಕು ಮೆಟ್ಟಿಲುಗಳನ್ನು ಉಳಿಸಿಕೊಂಡಿತು. ಭಾರತ ಕೆಳಗಿನಿಂದ ಎರಡನೆಯ ಮೆಟ್ಟಿಲಿನಲ್ಲಿದೆ. 2025ರ ಮಾನವ ಅಭಿವೃದ್ಧಿ ವರದಿಯಲ್ಲಿ 193 ದೇಶಗಳ ನಡುವೆ ಅದರ ಸ್ಥಾನ 130. ಆದರೆ ಸ್ವಾತಂತ್ರ್ಯ ಬಂದಾಗ ಸುಮಾರು 32 ವರ್ಷವಿದ್ದ ಸರಾಸರಿ ಆಯುಸ್ಸು ಈಗ 70ರ ಆಸುಪಾಸಿನಲ್ಲಿದೆ. ಹದಿನೇಳರ ಮ್ಯಾಂಚೆಸ್ಟರನ್ನು ನೆನೆದರೆ ಇದು ಸಣ್ಣ ಪ್ರಯಾಣವಲ್ಲ.

ತಂದೆ ತಾಯಿಗಳು ಕೇಳುವ ಪ್ರಶ್ನೆ ಒಂದುಂಟು: ಮಗ ಅಥವಾ ಮಗಳು ಓದಿ ಮುಗಿಸಿ ಹೊರದೇಶಕ್ಕೆ ಹೋಗುವುದೇ ಒಳ್ಳೆಯದಲ್ಲವೇ? 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗ್ರಾಫೀನ್ ಎಂಬ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯನ್ನು ಬಿಡಿಸಿ, 2010ರ ನೊಬೆಲ್ ಪಡೆದ ಗೈಮ್ ಮತ್ತು ನೊವೊಸೆಲೊವ್ ಇಬ್ಬರೂ ಹುಟ್ಟಿದ್ದು ರಷ್ಯಾದಲ್ಲಿ. ಪ್ರಯೋಗಶಾಲೆ ಎಲ್ಲಿದೆಯೋ ಬುದ್ಧಿವಂತರು ಅಲ್ಲಿಗೆ ಹೋಗುತ್ತಾರೆ. ಹೋಗುವವರನ್ನು ದೂರಿ ಫಲವಿಲ್ಲ; ಅಂಥ ಪ್ರಯೋಗಶಾಲೆ ಇಲ್ಲೇ ಏಕಿಲ್ಲ ಎಂದು ಕೇಳುವುದು ತಂದೆ ತಾಯಿಗಳಿಗೂ ಒಪ್ಪುವ ಮಾತು. ಕೇಳಲು ವಿಷಯಗಳು ಊರಲ್ಲೇ ಇವೆ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳು ತಗುಲಿದ ಕ್ಷಣ ಅಕ್ಕಿಯೊಳಗಿನ ತೇವ ಆವಿಯಾಗಿ ಕಾಳು ಅರಳುತ್ತದೆ. ಕಡಿಮೆ ಉರುವಲಿನಲ್ಲಿ, ಹೊಗೆ ಕುಡಿಯದೆ ಆ ಕೆಲಸ ಮಾಡುವ ಒಲೆಯನ್ನು ಹುಡುಕಲು ಮ್ಯಾಂಚೆಸ್ಟರಿನಿಂದ ಯಾರೂ ಬರುವುದಿಲ್ಲ.

ವಿದ್ಯಾರ್ಥಿಗಳು ಒಂದು ಭಾನುವಾರ ಭಟ್ಟಿ, ಡಿಸಿಎಂ ಟೌನ್‌ಶಿಪ್, ರಾಜನಹಳ್ಳಿ, ಹರಿಹರದ ಸೇತುವೆಯನ್ನು ದೊಡ್ಡವರ ಜೊತೆ ನೋಡಿ ಬರಬಹುದು. ಮನೆಯ ನಲ್ಲಿಯ ನೀರು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ, ಮಿಲ್ಲು ನಿಂತ ಮೇಲೆ ಆ ಮನೆಗಳ ಮಕ್ಕಳು ಏನಾದರು ಎಂದು ವಿಚಾರಿಸಬಹುದು. ಆಮೇಲೆ ಹಾಳೆಯ ನಡುವೆ ಗೆರೆ ಎಳೆದು ಪಟ್ಟಿ ಬರೆಯಲಿ.