ಕಾವಲುಗಾರನಿಗೆ ಎಷ್ಟು ಕಾಣಬೇಕು?

ಮನೆಗೆ ಕಾವಲುಗಾರನನ್ನು ನೇಮಿಸಿಕೊಳ್ಳುವವರು ಅವನಿಗೆ ಅಂಗಳದ ಗೇಟಿನ ಬೀಗದ ಕೈ ಕೊಡುತ್ತಾರೆಯೇ ಹೊರತು ಬೀರುವಿನ ಬೀಗದ ಕೈ ಕೊಡುವುದಿಲ್ಲ. ಗಣಕಯಂತ್ರದ ಕಾವಲಿನಲ್ಲಿ ಮಾತ್ರ ಈ ವ್ಯವಸ್ಥೆ ತಲೆಕೆಳಗಾಗಿದೆ. ನಾವು ಆಂಟಿವೈರಸ್ ಎಂದು ಕರೆಯುವ ತಂತ್ರಾಂಶ ತನ್ನ ಕೆಲಸ ಮಾಡಬೇಕಾದರೆ ಬೀರು, ಪೆಟ್ಟಿಗೆ, ದಿಂಬಿನಡಿಯ ಕಾಗದ ಎಲ್ಲವನ್ನೂ ತೆರೆದು ನೋಡಲೇಬೇಕು. ಕಳ್ಳ ಎಲ್ಲಿ ಅಡಗಿದ್ದಾನೆಂದು ಮೊದಲೇ ತಿಳಿಯದ ಕಾರಣ ಹೀಗಾಗದೆ ವಿಧಿಯಿಲ್ಲ. ಆದುದರಿಂದ ಕಾವಲುಗಾರ ನೋಡಲೇಬಾರದು ಎಂದು ಹಟ ಹಿಡಿಯುವುದು ವ್ಯರ್ಥ. ನೋಡಿದ್ದನ್ನು ಅವನು ಏನು ಮಾಡುತ್ತಾನೆ ಎಂದು ಕೇಳುವ ಹಕ್ಕಂತೂ ನಮಗಿದೆ.

ಗುರುಗಳಿಗೆ ಈ ವೈರಸ್ಸಿನ ಗೊಡವೆ ಏಕೆಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಧರ್ಮಕೇಂದ್ರದ ಕಚೇರಿಯ ಮೇಜಿನ ಮೇಲಿರುವ ಯಂತ್ರದಲ್ಲಿ ಏನೇನಿರುತ್ತದೆ ಎಂದು ಒಮ್ಮೆ ಊಹಿಸಿ ನೋಡಿ. ಜ್ಞಾನಸ್ನಾನದ ಹಳೆಯ ದಾಖಲೆ ಪುಸ್ತಕಗಳ ಪ್ರತಿಗಳಿರುತ್ತವೆ. ಅವುಗಳಲ್ಲಿ ತಂದೆಯ ಹೆಸರಿನ ಅಂಕಣ ಖಾಲಿ ಉಳಿದ ಸಾಲುಗಳೂ ಇರುತ್ತವೆ, ಆ ಮಕ್ಕಳು ಇಂದು ಮೊಮ್ಮಕ್ಕಳನ್ನು ಕಂಡವರು. ಮದುವೆಗೆ ಮುನ್ನ ವಧೂವರರನ್ನು ಬೇರೆಬೇರೆಯಾಗಿ ಕೂರಿಸಿ, ಕೇಳಿ ಬರೆದುಕೊಂಡ ವಿಚಾರಣಾ ಪತ್ರಗಳಿರುತ್ತವೆ. ತನ್ನ ವಿವಾಹ ಅಸಿಂಧುವೆಂದು ಘೋಷಿಸಬೇಕೆಂದು ಧರ್ಮಕ್ಷೇತ್ರದ ನ್ಯಾಯಮಂಡಳಿಗೆ ಮೊರೆಯಿಟ್ಟ ಹೆಣ್ಣುಮಗಳು, ಯಾರ ಬಳಿಯೂ ಆಡಲಾಗದ್ದನ್ನು ಒಂದೊಂದಾಗಿ ಬರೆಸಿದ ಹೇಳಿಕೆಯಿರುತ್ತದೆ. ಮಗನ ಕುಡಿತ ಬಿಡಿಸುವ ಚಿಕಿತ್ಸೆಗೆ ಹಣ ಕೇಳಿದ ತಾಯಿಯ ಪತ್ರವಿರುತ್ತದೆ.

ನನ್ನಲ್ಲಿ ಮುಚ್ಚಿಡುವಂಥದ್ದೇನಿದೆ, ನೋಡಿದರೆ ನೋಡಲಿ ಬಿಡಿ ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲೂ ಕೇಳಿದ್ದೇನೆ. ತಮ್ಮ ಮಟ್ಟಿಗೆ ಅವರು ಹಾಗೆ ಹೇಳಿಕೊಳ್ಳಲಿ. ಆದರೆ ವೈದ್ಯರು, ವಕೀಲರು, ಶಾಲೆಯ ಮುಖ್ಯೋಪಾಧ್ಯಾಯಿನಿ, ಮಹಿಳಾ ಸಂಘದ ಲೆಕ್ಕ ಬರೆಯುವ ಕಾರ್ಯದರ್ಶಿ, ಇವರ ಯಂತ್ರಗಳಲ್ಲಿರುವುದು ಪರರ ಬದುಕು. ಇನ್ನೊಬ್ಬರ ಗುಟ್ಟನ್ನು ಧಾರಾಳವಾಗಿ ದಾನ ಮಾಡುವ ಹಕ್ಕನ್ನು ನಮಗೆ ಯಾರೂ ಕೊಟ್ಟಿಲ್ಲ.

ಹಾಗೆಂದು ಕಾವಲೇ ಬೇಡವೆನ್ನುವ ಪಕ್ಷದವನು ನಾನಲ್ಲ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನ ಯುವಕನೊಬ್ಬ ಹರಿಯಬಿಟ್ಟ 'ಐ ಲವ್ ಯೂ' ಎಂಬ ವೈರಸ್ ಪ್ರೇಮಪತ್ರದ ವೇಷದಲ್ಲಿ ಬಂದು, ತೆರೆದವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನು ತಾನೇ ರವಾನಿಸಿಕೊಂಡು ಜಗತ್ತನ್ನು ಸುತ್ತಿತು. ಬಹು ಗಂಭೀರ ಅಧಿಕಾರಿಗಳೂ ಆ ಪತ್ರವನ್ನು ಆಸೆಯಿಂದ ತೆರೆದರೆಂಬುದನ್ನು ನೆನೆದರೆ ಈಗಲೂ ನಗು ಬರುತ್ತದೆ. 2017ರ ಮೇ 12ರಂದು ಹಬ್ಬಿದ ವನ್ನಾಕ್ರೈ ಮಾತ್ರ ನಗುವ ವಿಷಯವಾಗಿರಲಿಲ್ಲ. ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ಈ ಪಿಡುಗಿನಿಂದ ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದು ನುಸುಳಿದ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿಯೇ, ಹಂಚಿತ್ತು. ಹಚ್ಚಿಕೊಳ್ಳದೆ ಉಳಿದ ಯಂತ್ರಗಳು ಉರುಳಿದವು. ಆದುದರಿಂದ ಯಾವ ಆಂಟಿವೈರಸ್ ಕೊಳ್ಳಲಿ ಎಂದು ನನ್ನನ್ನು ಕೇಳುವವರಿಗೆ, ಮೊದಲು ವಿಂಡೋಸ್ ಅಪ್‌ಡೇಟ್ ಮಾಡಿಕೊಳ್ಳಿ ಎಂದೇ ಹೇಳುತ್ತೇನೆ. ವಿಂಡೋಸ್ 10ಕ್ಕೆ ನಿಯತ ಬೆಂಬಲವು 2025ರ ಅಕ್ಟೋಬರ್‌ನಲ್ಲಿ ನಿಂತುಹೋಗಿದೆ ಎಂಬುದೂ ನೆನಪಿರಲಿ.

ಹಿಂದಿನ ಕಾಲದ ಆಂಟಿವೈರಸ್ ಪೊಲೀಸ್ ಠಾಣೆಯ ಗೋಡೆಗೆ ಅಂಟಿಸಿದ ಕಳ್ಳರ ಚಿತ್ರಗಳಂತಿತ್ತು. ಪಟ್ಟಿ ನಿಮ್ಮ ಯಂತ್ರದಲ್ಲಿಯೇ ಇರುತ್ತಿತ್ತು. ಹೋಲಿಕೆ ಕಂಡರೆ ಹಿಡಿಯುತ್ತಿತ್ತು. ದಿನಬೆಳಗಾದರೆ ಹೊಸ ಕಳ್ಳರು ಹುಟ್ಟುವ ಈ ಕಾಲದಲ್ಲಿ ಆ ಪಟ್ಟಿ ಸಾಲದು. ಅನುಮಾನ ಬಂದಾಗಲೆಲ್ಲ ಅದು ಕಂಪನಿಯ ದೂರದ ಯಂತ್ರವನ್ನು ಕೇಳುತ್ತದೆ. ಮೊದಲು ಕಡತದ ಬೆರಳಚ್ಚಿನಂಥ ಸಂಖ್ಯೆಯೊಂದನ್ನು ಮಾತ್ರ ಕಳುಹಿಸುತ್ತದೆ; ಅದರಿಂದ ಕಡತದ ಒಳಗಿನ ಮಾತು ಯಾರಿಗೂ ತಿಳಿಯದು. ಆ ಬೆರಳಚ್ಚು ಅಲ್ಲಿಯೂ ಅಪರಿಚಿತವಾದರೆ, ಪರೀಕ್ಷೆಗೆಂದು ಕಡತವನ್ನೇ ಮಾದರಿಯಾಗಿ ಕಳುಹಿಸುವುದುಂಟು. ಸೂಕ್ಷ್ಮವಿರುವುದು ಇಲ್ಲಿಯೇ.

ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಗಾಗಿ ದುಡಿಯುತ್ತಿದ್ದ ಒಬ್ಬಾತ ರಹಸ್ಯ ಕಡತಗಳನ್ನು ಮನೆಯ ಯಂತ್ರಕ್ಕೆ ಒಯ್ದಿದ್ದ. ಅದರಲ್ಲಿದ್ದ ರಷ್ಯಾ ಮೂಲದ ಕ್ಯಾಸ್ಪರ್‌ಸ್ಕಿ ಆಂಟಿವೈರಸ್, ಆ ಕಟ್ಟಿನೊಳಗಿದ್ದ ಬೇಹುಗಾರಿಕೆಯ ತಂತ್ರಾಂಶವನ್ನು ಸರಿಯಾಗಿಯೇ ಗುರುತಿಸಿ, ಕಟ್ಟನ್ನು ಇಡಿಯಾಗಿ ಕಂಪನಿಗೆ ಮಾದರಿಯಾಗಿ ಕಳುಹಿಸಿತು. ಇದು ನಡೆದದ್ದು 2014ರಲ್ಲಿ, ಒಳಗಿರುವುದೇನೆಂದು ತಿಳಿದೊಡನೆ ಅಳಿಸಿಹಾಕಿದೆವು ಎಂದು ಕಂಪನಿ 2017ರಲ್ಲಿ ವಿವರಣೆ ನೀಡಿತು. ಅಮೆರಿಕದ ಸರಕಾರಕ್ಕೆ ಆ ಕಂಪನಿಯ ಮೇಲೆ ವಿಶ್ವಾಸ ಉಳಿಯಲಿಲ್ಲ. ಆ ವರ್ಷವೇ ತನ್ನ ಕಚೇರಿಗಳಿಂದ ಅದನ್ನು ತೆಗೆಸಿತು, 2024ರಲ್ಲಿ ದೇಶದೊಳಗೆ ಅದರ ಮಾರಾಟವನ್ನೇ ನಿಷೇಧಿಸಿತು. ಈ ದೊಡ್ಡವರ ಜಗಳದ ತೀರ್ಪು ನಮ್ಮ ಕೈಗೆ ಎಟುಕುವಂಥದ್ದಲ್ಲ. ಕಂಪನಿಯ ಮಾತನ್ನು ಪೂರ್ತಿ ನಂಬಿದರೂ ಒಂದು ಸಂಗತಿ ಉಳಿಯುತ್ತದೆ: ಯಾರೂ ಕದಿಯಲಿಲ್ಲ, ಕಾವಲುಗಾರ ತಪ್ಪಿ ನಡೆಯಲಿಲ್ಲ, ಆದರೂ ಗುಟ್ಟು ಮನೆ ಬಿಟ್ಟು ಹೊರಟುಹೋಯಿತು.

ಇನ್ನೊಂದು ಸೌಕರ್ಯವೂ ಇದೆ. ಬ್ಯಾಂಕಿನೊಡನೆ, ಆಸ್ಪತ್ರೆಯೊಡನೆ ನಾವು ಅಂತರಜಾಲದಲ್ಲಿ ನಡೆಸುವ ವ್ಯವಹಾರ ಮುಚ್ಚಿದ ಲಕೋಟೆಯಲ್ಲಿ ಸಾಗುತ್ತದೆ. ಅನೇಕ ಆಂಟಿವೈರಸ್‌ಗಳು ನಡುವೆ ನಿಂತು ಆ ಲಕೋಟೆಯನ್ನು ಒಡೆದು, ಒಳಗೆ ವಿಷವಿದೆಯೇ ಎಂದು ನೋಡಿ, ತಮ್ಮದೇ ಮೊಹರು ಒತ್ತಿ ಮುಂದಕ್ಕೆ ಕಳುಹಿಸುತ್ತವೆ. ಪರದೆಯ ಮೇಲಿನ ಬೀಗದ ಚಿಹ್ನೆ ಎಂದಿನಂತೆ ಕಾಣುವುದರಿಂದ ನಮಗೇನೂ ತಿಳಿಯದು. 2017ರಲ್ಲಿ ಸಂಶೋಧಕರ ತಂಡವೊಂದು ಇಂಥ ಉತ್ಪನ್ನಗಳನ್ನು ಪರೀಕ್ಷಿಸಿದಾಗ, ಬಹುಪಾಲು ಉತ್ಪನ್ನಗಳು ಸಂಪರ್ಕದ ಭದ್ರತೆಯನ್ನು ಮೊದಲಿಗಿಂತ ದುರ್ಬಲಗೊಳಿಸುತ್ತಿದ್ದುದು ಕಂಡುಬಂತು. ಒಡೆದ ಲಕೋಟೆಗೆ ಗೋಂದು ಸರಿಯಾಗಿ ಹಚ್ಚಿರಲಿಲ್ಲವೆನ್ನೋಣ.

ಕಿರಿಯ ಗುರುಮಠದಲ್ಲಿ ನಾವಿದ್ದ ದಿನಗಳಲ್ಲಿ ಊರಿನಿಂದ ಬಂದ ನೀಲಿ ಇನ್‌ಲ್ಯಾಂಡ್ ಪತ್ರಗಳು ನಮ್ಮ ಕೈಸೇರುವ ಮೊದಲೇ ಅಂಚು ಸೀಳಿಸಿಕೊಂಡಿರುತ್ತಿದ್ದವು. ಮುಖ್ಯಸ್ಥರು ಓದಿಯೇ ಕೊಡುತ್ತಿದ್ದರು. ಎಳೆಯ ಮನಸ್ಸುಗಳನ್ನು ಕಾಪಾಡುವುದು ತಮ್ಮ ಹೊಣೆಯೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಅವರ ಸದುದ್ದೇಶದ ಬಗ್ಗೆ ನನಗೆ ಇಂದಿಗೂ ಸಂಶಯವಿಲ್ಲ. ನನ್ನ ತಾಯಿಗೆ ಓದುಬರಹ ಬಾರದು. ಪಕ್ಕದ ಮನೆಯ ಮೇಷ್ಟರಿಂದ ಬರೆಸುತ್ತಿದ್ದರು. ಒಮ್ಮೆ ಹಸು ಸತ್ತದ್ದನ್ನೂ, ಸಾಲ ತೀರದೆ ನನ್ನ ಫೀಸಿನ ಹಣ ಹೊಂದಿಸಲಾಗದ್ದನ್ನೂ ಬರೆಸಿದ್ದರು. ಪತ್ರ ಓದಿದ ಮುಖ್ಯಸ್ಥರು ಆ ವರ್ಷದ ಫೀಸನ್ನು ಮನ್ನಾ ಮಾಡಿದರು. ರಜೆಯಲ್ಲಿ ಊರಿಗೆ ಹೋದವನು ಇದನ್ನು ಸಂತೋಷದಿಂದ ತಾಯಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಅಂದಿನಿಂದ ಅವರ ಪತ್ರಗಳಲ್ಲಿ ಮಳೆ, ಬೆಳೆ, ಜಪಸರ ಮರೆಯಬೇಡ ಎಂಬ ಮಾತು, ಇಷ್ಟೇ ಇರುತ್ತಿತ್ತು. ಮನೆಯ ಕಷ್ಟ ನನ್ನ ತನಕ ಬರುವುದು ನಿಂತೇಹೋಯಿತು. ಒಳ್ಳೆಯದನ್ನೇ ಮಾಡಿದ ಕಣ್ಣೂ ಒಂದು ಮನೆಯ ಮಾತನ್ನು ಹೀಗೆ ಬತ್ತಿಸಬಲ್ಲುದೆಂದು ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು.

ಮುಖ್ಯಸ್ಥರು ಓದಿದ್ದನ್ನು ಯಾರಿಗೂ ಮಾರುತ್ತಿರಲಿಲ್ಲ. ಗಣಕಯಂತ್ರದ ಜಗತ್ತಿನಲ್ಲಿ ಅದೂ ನಡೆದಿದೆ. ಪ್ರಾಗ್ ನಗರದ ಅವಾಸ್ಟ್ ಕಂಪನಿಯ ಆಂಟಿವೈರಸ್ಸನ್ನು ಜಗತ್ತಿನ ಕೋಟ್ಯಂತರ ಜನ ಉಚಿತವಾಗಿ ಬಳಸುತ್ತಿದ್ದರು. ಬಳಕೆದಾರರು ಯಾವ ಹೊತ್ತಿನಲ್ಲಿ ಯಾವ ಜಾಲತಾಣ ತೆರೆದರೆಂಬ ವಿವರವನ್ನು ಕಂಪನಿಯು ತನ್ನ ಅಂಗಸಂಸ್ಥೆ ಜಂಪ್‌ಶಾಟ್ ಮೂಲಕ ಮಾರುತ್ತಿದೆಯೆಂದು 2020ರ ಜನವರಿಯಲ್ಲಿ ಅಮೆರಿಕದ ಎರಡು ಪತ್ರಿಕಾ ಸಂಸ್ಥೆಗಳು ಬಯಲಿಗೆಳೆದವು. ಅದೇ ತಿಂಗಳು ಜಂಪ್‌ಶಾಟ್ ಮುಚ್ಚಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಫೆಬ್ರುವರಿಯಲ್ಲಿ ಹೊರಿಸಿದ ಆರೋಪದಂತೆ ಈ ವಿವರ 2014ರಿಂದ ನೂರಕ್ಕೂ ಹೆಚ್ಚು ಕಂಪನಿಗಳಿಗೆ ಹೋಗಿತ್ತು. ಜನರ ಕಾಯಿಲೆ, ರಾಜಕೀಯ ಒಲವು, ಹಣಕಾಸಿನ ಸ್ಥಿತಿ ಮಾತ್ರವಲ್ಲ, ಧಾರ್ಮಿಕ ನಂಬಿಕೆಯೂ ಅದರಿಂದ ತಿಳಿಯುವಂತಿತ್ತು. ಕಂಪನಿ 1 ಕೋಟಿ 65 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಅಂತರಜಾಲದಲ್ಲಿ ನಿಮ್ಮನ್ನು ಹಿಂಬಾಲಿಸುವವರನ್ನು ತಡೆಯುತ್ತೇವೆ ಎಂದು ಹೇಳಿಕೊಂಡೇ ಅದು ತನ್ನ ಉತ್ಪನ್ನವನ್ನು ಹಂಚುತ್ತಿತ್ತು.

ಪ್ರಾಗ್ ಎಂದೊಡನೆ ನಮ್ಮ ಜನರಿಗೆ ನೆನಪಾಗುವುದು ಬಾಲಯೇಸು. ಬೆಂಗಳೂರಿನ ವಿವೇಕನಗರದಲ್ಲಿ ಗುರುವಾರಗಳಂದು ಸೇರುವ ಭಕ್ತಸಮೂಹದ ಭಕ್ತಿಯ ಮೂಲ ಆ ನಗರದಲ್ಲಿದೆ. ಗುರುಮಠದಲ್ಲಿ ಓದಿದ ನಮಗೆ ಇನ್ನೊಬ್ಬರೂ ನೆನಪಾಗುತ್ತಾರೆ: ಸಂತ ಜಾನ್ ನೆಪೊಮುಕ್. ಪ್ರಾಗ್ ಮಹಾಧರ್ಮಾಧ್ಯಕ್ಷರ ಶ್ರೇಷ್ಠಗುರುವಾಗಿದ್ದ ಅವರನ್ನು 1393ರಲ್ಲಿ ನಾಲ್ಕನೆಯ ವೆನ್ಸೆಸ್ಲಾಸ್ ದೊರೆಯ ಅಪ್ಪಣೆಯಂತೆ ಸೇತುವೆಯ ಮೇಲಿನಿಂದ ವಲ್ಟಾವಾ ನದಿಗೆ ಎಸೆಯಲಾಯಿತು. ರಾಣಿಯ ಪಾಪನಿವೇದನೆಯನ್ನು ದೊರೆಗೆ ತಿಳಿಸಲು ಒಪ್ಪದ್ದೇ ಕಾರಣವೆಂದು ಪರಂಪರೆ ಹೇಳುತ್ತದೆ. ಮಠವೊಂದರ ಅಧಿಪತಿಯ ನೇಮಕದ ತಕರಾರು ಕಾರಣವೆನ್ನುವ ಇತಿಹಾಸಕಾರರ ಮಾತಿಗೂ ಆಧಾರವಿದೆ. 1729ರಲ್ಲಿ ಸಂತಪದವಿಗೇರಿದ ಅವರನ್ನು ಪಾಪನಿವೇದನೆಯ ಗೋಪ್ಯತೆಯ ರಕ್ತಸಾಕ್ಷಿಯೆಂದು ಧರ್ಮಸಭೆ ನೆನೆಯುತ್ತಾ ಬಂದಿದೆ. ಅವರ ನಗರದಿಂದಲೇ ಈ ವ್ಯಾಪಾರ ನಡೆಯಿತೆಂಬುದು ಕಾಕತಾಳೀಯ ಅಷ್ಟೆ. ಆದರೂ ಸುದ್ದಿ ಓದಿದ ದಿನ ನನ್ನ ಮನಸ್ಸು ಆ ಸೇತುವೆಯ ಮೇಲೆ ಬಹಳ ಹೊತ್ತು ನಿಂತಿತ್ತು.

ಮಾರಿದ ವಿವರದಲ್ಲಿ ಯಾರ ಹೆಸರೂ ಇರಲಿಲ್ಲ, ಹೆಸರು ಅಳಿಸಿದ ಮೇಲೆ ಯಾರಿಗೇನು ಹಾನಿ ಎಂಬುದು ಇಂಥ ವ್ಯಾಪಾರದ ಸಮರ್ಥಕರು ಒಡ್ಡುವ ವಾದ. ಒಂದೊಂದು ಯಂತ್ರಕ್ಕೆ ಒಂದೊಂದು ಗುರುತುಸಂಖ್ಯೆ, ಪ್ರತಿ ಭೇಟಿಗೂ ನಿಖರವಾದ ಸಮಯ ಜೊತೆಗಿದ್ದರೆ, ಆಳು ಯಾರೆಂದು ಹುಡುಕುವುದು ಜಾಣರಿಗೆ ಕಷ್ಟವಲ್ಲ. ಆ ಮಾತು ಹಾಗಿರಲಿ. ಈ ವಾದಕ್ಕೆ ನಮ್ಮ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಉತ್ತರವಿದೆ. ಪಾಪನಿವೇದನೆಯ ಗುಟ್ಟನ್ನು ಹೊರಗೆಡಹಬಾರದೆಂದು 983ನೇ ವಿಧಿ ಹೇಳುತ್ತದೆ; ಇದು ಎಲ್ಲರಿಗೂ ಗೊತ್ತು. ಮುಂದಿನ ವಿಧಿ ಅಷ್ಟು ಪರಿಚಿತವಲ್ಲ. ಗುಟ್ಟು ಬಯಲಾಗುವ ಅಪಾಯ ಎಳ್ಳಷ್ಟು ಇಲ್ಲದಿದ್ದರೂ, ಹಾಗೆ ತಿಳಿದುಕೊಂಡದ್ದನ್ನು ನಿವೇದಿಸಿದವರಿಗೆ ತೊಂದರೆಯಾಗುವಂತೆ ಗುರು ಬಳಸಿಕೊಳ್ಳಬಾರದೆಂದು 984ನೇ ವಿಧಿ ನಿಷೇಧಿಸುತ್ತದೆ. ಅಂದರೆ ಬಾಯಿ ಮುಚ್ಚಿಕೊಂಡಿದ್ದರೆ ಸಾಲದು. ನಿವೇದನೆಯಲ್ಲಿ ಒಬ್ಬನ ಕಳ್ಳತನ ತಿಳಿದ ಗುರು, ಯಾರಿಗೂ ಹೇಳದೆ, ಮಾರನೆಯ ದಿನ ಕಾಣಿಕೆ ಪೆಟ್ಟಿಗೆಯ ಬೀಗದ ಕೈಯನ್ನು ಅವನಿಂದ ತೆಗೆದುಕೊಳ್ಳುವಂತಿಲ್ಲ. ಆಂಟಿವೈರಸ್ ಪಾಪನಿವೇದನೆಯ ಪೀಠವಲ್ಲ, ನಿಜ. ಆದರೂ ಯಾವ ಕಾರಣಕ್ಕೆ ನಮ್ಮ ಒಳಮನೆಗೆ ಅದನ್ನು ಬಿಟ್ಟುಕೊಂಡೆವೋ ಆ ಕಾರಣಕ್ಕೆ ಹೊರತಾಗಿ ಅಲ್ಲಿ ಕಂಡದ್ದನ್ನು ಬಳಸಬಾರದೆಂಬ ಅಳತೆಗೋಲನ್ನು ಅದಕ್ಕೂ ಹಿಡಿಯಬಹುದೆಂದು ನನಗನ್ನಿಸುತ್ತದೆ.

ನಾಡಿನ ಕಾನೂನೂ ಈ ದಿಕ್ಕಿಗೆ ಬಂದಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಕಾಯಿದೆ ಮಾಡಿತು. ಇದಕ್ಕೆಲ್ಲ ಮುಂಚೆ, 1983ರ ನಮ್ಮ ಸಂಹಿತೆಯ 220ನೇ ವಿಧಿಯಲ್ಲಿಯೇ ಈ ಹಕ್ಕಿನ ಮಾತಿದೆ. ಬರೆದಿಟ್ಟುಕೊಂಡಷ್ಟು ಚೆನ್ನಾಗಿ ನಾವು ಪಾಲಿಸಿದ್ದೇವೆಯೇ ಎಂಬುದು ಬೇರೊಂದು ಲೇಖನಕ್ಕಿರಲಿ.

ಬೆಂಗಳೂರಿನಲ್ಲಿ ತಂತ್ರಾಂಶ ಉದ್ಯೋಗಿಯಾಗಿರುವ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಹಬ್ಬಕ್ಕೆ ಬಂದಿದ್ದಾಗ ಕಚೇರಿಯ ಯಂತ್ರವನ್ನು ಸಜ್ಜುಗೊಳಿಸಲು ಕುಳಿತ. ವಿಂಡೋಸ್‌ನಲ್ಲಿಯೇ ಅಡಕವಾಗಿರುವ ಡಿಫೆಂಡರ್ ಸಾಕೆಂಬ ವಿಷಯದಲ್ಲಿ ನಮ್ಮಿಬ್ಬರಿಗೂ ಒಮ್ಮತವಿತ್ತು. ಬೆರಳಚ್ಚು ಕೇಳಿ ತಿಳಿಯುವ ಸೌಕರ್ಯ ಇರಲಿ, ಮಾದರಿಯನ್ನು ತಾನಾಗಿ ಕಳುಹಿಸುವುದು ನಿಲ್ಲಲಿ ಎಂದೆ. ಅವನು ಒಪ್ಪಲಿಲ್ಲ.

"ಫಾದರ್, ಅದನ್ನು ನಿಲ್ಲಿಸಿದರೆ ಹೊಸ ವೈರಸ್ ಬಂದಾಗ ನಿಮಗೆ ತಡವಾಗಿ ಗೊತ್ತಾಗುತ್ತದೆ. ವೈಯಕ್ತಿಕ ಕಡತ ಅನ್ನಿಸಿದರೆ ಅದು ಕೇಳಿಯೇ ಕಳುಹಿಸುತ್ತದೆ. ಎಲ್ಲರೂ ನಿಮ್ಮ ಹಾಗೆ ನಿಲ್ಲಿಸಿದರೆ ಹೊಸದನ್ನು ಕಂಡುಹಿಡಿಯುವುದಾದರೂ ಹೇಗೆ? ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆಂದು ಪ್ರಸಂಗದಲ್ಲಿ ನೀವೇ ಹೇಳುತ್ತೀರಲ್ಲ?"

ವಾದ ಗಟ್ಟಿಯಾಗಿತ್ತು. ನಾವೆಲ್ಲ ಸುರಕ್ಷಿತರಾಗಿರುವುದು ಎಲ್ಲೋ ಯಾರೋ ಕಳುಹಿಸಿದ ಮಾದರಿಯಿಂದಲೇ. "ನನ್ನ ಪ್ರಸಂಗಗಳನ್ನು ಬೇಕಾದರೆ ಎಲ್ಲವನ್ನೂ ಕಳುಹಿಸಪ್ಪಾ, ಯಾರಾದರೂ ಓದಲಿ," ಎಂದೆ. "ಆ ಹೆಣ್ಣುಮಗಳ ಹೇಳಿಕೆಯನ್ನು ಕೊಟ್ಟು ನಾನು ಪರೋಪಕಾರಿ ಎನಿಸಿಕೊಳ್ಳಲಾರೆ. ವೈಯಕ್ತಿಕ ಯಾವುದೆಂದು ಊಹಿಸುವ ಕೆಲಸವನ್ನೂ ಯಂತ್ರಕ್ಕೆ ಬಿಡಲಾರೆ."

ಕೊನೆಗೆ ಹೀಗೆ ಮಾಡಿಕೊಂಡೆವು. ಮಕ್ಕಳು ಕಲಿಯುವ ಶಾಲೆಯ ಯಂತ್ರಗಳಲ್ಲಿ ಎಲ್ಲ ಸೌಕರ್ಯಗಳೂ ತೆರೆದಿವೆ. ಗುಟ್ಟುಗಳಿಲ್ಲದ ಆ ಕೋಣೆಯಿಂದ ಎಷ್ಟು ಮಾದರಿ ಬೇಕಾದರೂ ಹೋಗಲಿ. ಕಚೇರಿಯ ಯಂತ್ರದಲ್ಲಿ ಮಾದರಿ ಹೋಗುವುದಿಲ್ಲ. ಸುರಕ್ಷೆಯ ಹೆಸರಿನಲ್ಲಿ ಬ್ರೌಸರಿಗೆ ಅಂಟಿಕೊಳ್ಳುವ ಹೆಚ್ಚುವರಿ ಉಪಕರಣಗಳು, ಉಚಿತ ಶುಚಿಕಾರಕಗಳು ಯಾವುವೂ ಅಲ್ಲಿಲ್ಲ. ಅನುಮಾನದ ಕಡತವನ್ನು ಪರೀಕ್ಷಿಸುವ ವೈರಸ್‌ಟೋಟಲ್ ಎಂಬ ಸಾರ್ವಜನಿಕ ಸೇವೆ ಬಹು ಉಪಯುಕ್ತ. ಅಲ್ಲಿಗೆ ಸೇರಿಸಿದ ಕಡತ ಹಲವು ಭದ್ರತಾ ಕಂಪನಿಗಳ ಕೈಸೇರುತ್ತದೆಂಬುದು ತಿಳಿದಿರುವುದರಿಂದ, ಪರರ ಪತ್ರಗಳನ್ನು ಅಲ್ಲಿಗೆ ಒಯ್ಯಬಾರದೆಂದು ಗುಮಾಸ್ತರಿಗೆ ಹೇಳಿದ್ದೇನೆ.

ನ್ಯಾಯಮಂಡಳಿಯ ಕಾಗದಗಳನ್ನು ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಸರಿಸಿ, ಅದರ ಅಂತರಜಾಲ ಸಂಪರ್ಕವನ್ನು ತೆಗೆದುಹಾಕಿ, ಕಬ್ಬಿಣದ ಕಪಾಟಿನಲ್ಲಿ ಇರಿಸಿದ್ದೇವೆ. ಧರ್ಮಕ್ಷೇತ್ರದ ರಹಸ್ಯ ದಾಖಲೆಗಳ ಪೆಟ್ಟಿಗೆಯ ಬೀಗದ ಕೈ ಧರ್ಮಾಧ್ಯಕ್ಷರೊಬ್ಬರ ಬಳಿಯೇ ಇರಬೇಕೆಂದು ಸಂಹಿತೆ ವಿಧಿಸುತ್ತದೆ; ಬಡ ಧರ್ಮಕೇಂದ್ರದಲ್ಲಿ ಅದಕ್ಕೆ ಹತ್ತಿರವಾದದ್ದು ಇಷ್ಟೇ. ಆ ಲ್ಯಾಪ್‌ಟಾಪಿಗೂ ಕಾವಲು ಬೇಕಷ್ಟೆ. ತಿಂಗಳಿಗೊಮ್ಮೆ ಕಚೇರಿಯ ಯಂತ್ರದಲ್ಲಿ ಹೊಸ ವೈರಸ್ ಪಟ್ಟಿಯನ್ನು ಇಳಿಸಿಕೊಂಡು, ಪೆನ್‌ಡ್ರೈವ್‌ನಲ್ಲಿ ಹಾಕಿ, ಕಪಾಟಿನ ಬಳಿಗೆ ಒಯ್ಯುತ್ತೇನೆ. ಹೊರಡುವ ಮೊದಲು ಆ ಪೆನ್‌ಡ್ರೈವ್‌ನಲ್ಲಿ ವೈರಸ್ ಇದೆಯೇ ಎಂದು ನೋಡಿಕೊಳ್ಳಬೇಕೆಂದು ಯುವಕ ಎರಡೆರಡು ಬಾರಿ ಎಚ್ಚರಿಸಿ ಹೋಗಿದ್ದಾನೆ.