ತನ್ನದಲ್ಲದ ಒಂದು ಸುತ್ತು

ಬಹುಮಾನವಿರುವಲ್ಲಿ ಮನುಷ್ಯನ ಪ್ರಾಮಾಣಿಕತೆಗೆ ಪರೀಕ್ಷೆಯೊದಗುತ್ತದೆಂಬುದು ಲೋಕರೂಢಿಯ ಮಾತು. ಆದರೆ ಬಹುಮಾನವೂ ಇಲ್ಲದ, ಕೇಳುವವರೂ ಇಲ್ಲದ ಸಣ್ಣ ಸಂದರ್ಭಗಳಲ್ಲಿ ಆ ಪರೀಕ್ಷೆ ಇನ್ನೂ ಸೂಕ್ಷ್ಮವಾಗುತ್ತದೆ. ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ್ಯದಲ್ಲಿ 2013ರ ನವೆಂಬರ್ ತಿಂಗಳ ಒಂದು ಭಾನುವಾರ ನಡೆದ ಹವ್ಯಾಸಿಗಳ ಸೈಕಲ್ ಸ್ಪರ್ಧೆಯ ಪ್ರಸಂಗವೊಂದು ಇದಕ್ಕೆ ನಿದರ್ಶನವಾಗಿದೆ.

ಆ ಸ್ಪರ್ಧೆಗೆ ಸೈಕ್ಲೋಕ್ರಾಸ್ ಎಂದು ಹೆಸರು. ವಾಚಕರಲ್ಲಿ ಅನೇಕರಿಗೆ ಇದು ಅಪರಿಚಿತವಾಗಿರಬಹುದು. ಇದು ಡಾಂಬರು ರಸ್ತೆಯ ಮೇಲಿನ ಪಂದ್ಯವಲ್ಲ. ಹುಲ್ಲುಗಾವಲು, ತೋಪು, ಮರಳು, ಕೆಸರುಗಳ ನಡುವೆ ಎರಡು ಮೂರು ಕಿಲೋಮೀಟರ್ ಉದ್ದದ ಸುತ್ತುದಾರಿಯನ್ನು ಗುರುತಿಸಿ, ಚಳಿಗಾಲದ ತಿಂಗಳುಗಳಲ್ಲಿ ಅದರ ಮೇಲೆ ಮತ್ತೆ ಮತ್ತೆ ಸುತ್ತುವುದು ಇದರ ಕ್ರಮ. ದಾರಿಗೆ ಅಡ್ಡಲಾಗಿ ಹಲಗೆಗಳನ್ನು ನಿಲ್ಲಿಸಿರುತ್ತಾರೆ. ಅಂತರರಾಷ್ಟ್ರೀಯ ನಿಯಮದಂತೆ ಅವುಗಳ ಎತ್ತರ 40 ಸೆಂಟಿಮೀಟರನ್ನು ಮೀರುವಂತಿಲ್ಲ. ಸವಾರನು ಅಲ್ಲಿ ಕೆಳಗಿಳಿದು, ಸೈಕಲನ್ನು ಎತ್ತಿಕೊಂಡು, ಹಲಗೆಗಳನ್ನು ಹಾರಿ ಮತ್ತೆ ಏರಬೇಕು. ಕಡಿದಾದ ದಿಣ್ಣೆಗಳಲ್ಲಿ ಸೈಕಲನ್ನು ಹೆಗಲಿಗೇರಿಸಿ ಓಡಬೇಕು. ವಾಹನವು ಮನುಷ್ಯನನ್ನು ಹೊರುವುದು ಎಷ್ಟು ಸಹಜವೋ ಮನುಷ್ಯನು ವಾಹನವನ್ನು ಹೊರುವುದೂ ಇಲ್ಲಿ ಅಷ್ಟೇ ಸಹಜ. ಫ್ರಾನ್ಸಿನಲ್ಲಿ ಇದರ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದದ್ದು 1902ರಲ್ಲಿ. ಮೊದಲ ವಿಶ್ವ ಸ್ಪರ್ಧೆ 1950ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು. ಬೆಲ್ಜಿಯಂ ದೇಶದಲ್ಲಂತೂ ಸಾವಿರಾರು ಜನರು ಮಳೆಯಲ್ಲಿ ನಿಂತು ಇದನ್ನು ನೋಡುತ್ತಾರೆ.

ಯಾರ್ಕ್‌ಶೈರಿನ ಆ ಸ್ಪರ್ಧೆಗೆ ಇಂತಹ ವೈಭವವೇನೂ ಇರಲಿಲ್ಲ. ನಲವತ್ತು ದಾಟಿದವರ ವರ್ಗದಲ್ಲಿ 52 ಜನರು ಸಾಲುಗೂಡಿದ್ದರು. ಕೊನೆಯ ಸಾಲಿನಲ್ಲಿ ನಿಂತಿದ್ದವರು ಲೆಕ್ಕಪತ್ರದ ಉದ್ಯೋಗದಲ್ಲಿದ್ದ, ಐವತ್ತರ ಸಮೀಪದ ಒಬ್ಬ ಗೃಹಸ್ಥರು. ಅವರ ಸಂಖ್ಯೆ 136. ನಾಲ್ಕು ವರ್ಷಗಳಿಂದ ಪ್ರತಿ ಚಳಿಗಾಲದಲ್ಲಿ ಸ್ಪರ್ಧಿಸುತ್ತಿದ್ದರೂ ಮೊದಲ ಇಪ್ಪತ್ತರೊಳಗೆ ಬರಬೇಕೆಂಬ ಅವರ ಆಸೆ ಒಮ್ಮೆಯೂ ಕೈಗೂಡಿರಲಿಲ್ಲ. ಹತ್ತು ವರ್ಷದ ಮಗಳು ಹಗ್ಗದ ಆಚೆ ಕೊಡೆ ಹಿಡಿದು ನಿಂತಿದ್ದಳು.

ಮುಕ್ಕಾಲು ಗಂಟೆಯ ಆ ಸ್ಪರ್ಧೆಯಲ್ಲಿ ಅವರು ಎರಡನೆಯ ಸುತ್ತಿನಲ್ಲಿ ಒಮ್ಮೆ ಜಾರಿ ಬಿದ್ದರು. ಮರಳಿನಲ್ಲಿ ಪ್ರತಿ ಸಲವೂ ಇಳಿದು ಓಡಿದರು. ಮುಂಚೂಣಿಯ ಸವಾರನಿಗೆ ಕೊನೆಯ ಸುತ್ತಿನ ಗಂಟೆ ಬಾರಿಸಿದ ಸದ್ದು ಮರಗಳ ಆಚೆಯಿಂದ ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿಯೇ ಆ ಸವಾರ ಹಿಂದಿನಿಂದ ಬಂದ. ಇವರು ಕ್ರಮದಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಈ ಪಂದ್ಯದಲ್ಲಿ ಮುಂದಿನವನು ಗುರಿ ಮುಟ್ಟಿದ ಮೇಲೆ ಉಳಿದವರು ತಾವು ಸಾಗುತ್ತಿರುವ ಸುತ್ತನ್ನು ಪೂರೈಸಿದರೆ ಸಾಕು, ಅವರ ಸ್ಪರ್ಧೆಯೂ ಮುಗಿಯುತ್ತದೆ. ಹೀಗೆ ಮುಂದಿನವನು ಏಳು ಸುತ್ತುಗಳನ್ನು ಪೂರೈಸಿದಾಗ ಇವರದು ಆರು ಆಗಿತ್ತು.

ಗುರಿಯ ಬಳಿ ಸ್ವಯಂಸೇವಕರು ಮಳೆಯಲ್ಲಿ ಕುಳಿತು ಪ್ರತಿ ಸವಾರನ ಸಂಖ್ಯೆಯನ್ನೂ ಕೈಯಿಂದ ಬರೆದುಕೊಳ್ಳುತ್ತಿದ್ದರು. ಅರ್ಧ ಗಂಟೆಯ ನಂತರ ಫಲಿತಾಂಶದ ಹಾಳೆ ಗೋಡೆಗೇರಿತು. ಅದನ್ನು ಮೊದಲು ಓದಿದವಳು ಮಗಳು. "ಅಪ್ಪ, ಹದಿನೆಂಟು!" ಎಂದು ಕೂಗಿಕೊಂಡು ಓಡಿ ಬಂದಳು. ತಂದೆ ಬಟ್ಟೆ ಬದಲಾಯಿಸುವಷ್ಟರಲ್ಲಿ ಅಜ್ಜಿಗೆ ದೂರವಾಣಿಯಲ್ಲಿ ಸುದ್ದಿಯೂ ಮುಟ್ಟಿತು.

ಹಾಳೆಯಲ್ಲಿ 136ನೆಯ ಸಂಖ್ಯೆಯ ಮುಂದೆ ಏಳು ಸುತ್ತು ಎಂದಿತ್ತು. ಅದು ಸರಿಯಲ್ಲವೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಯಾರಿಗೆ ದಾರಿ ಬಿಟ್ಟುಕೊಟ್ಟರೋ ಅವನಷ್ಟೇ ಸುತ್ತುಗಳನ್ನು ತಾವು ಹಾಕಿರುವುದು ಸಾಧ್ಯವೇ ಇಲ್ಲ. ಆದರೂ ಅವರು ತಕ್ಷಣ ಬಾಯಿ ಬಿಡಲಿಲ್ಲ. ಇದು ಬಹುಮಾನದ ಸ್ಥಾನವಲ್ಲ. ತಪ್ಪು ಮಾಡಿದವರು ತಾವಲ್ಲ. ಕೇಳಿ ಪಡೆದದ್ದೂ ಅಲ್ಲ. ಪಾಲಿಗೆ ಬಂದದ್ದು ಪಂಚಾಮೃತವೆಂದು ಸ್ವೀಕರಿಸಿದರೆ ಯಾರಿಗೆ ನಷ್ಟ? ಮಗಳ ಮುಖದ ಮೇಲಿನ ಸಂತೋಷವನ್ನು ಅಳಿಸುವುದರಿಂದ ಯಾರಿಗೆ ಲಾಭ? ಇಂತಹ ಸಮಯದಲ್ಲಿ ಮನಸ್ಸು ತನ್ನ ಪರವಾಗಿ ಎಷ್ಟು ಸಮರ್ಥವಾಗಿ ವಕಾಲತ್ತು ವಹಿಸುತ್ತದೆಂಬುದು ವ್ಯವಹಾರಸ್ಥರೆಲ್ಲರಿಗೂ ತಿಳಿದ ಸಂಗತಿ.

ಅವರನ್ನು ತಡೆದು ನಿಲ್ಲಿಸಿದ್ದು ಧರ್ಮೋಪದೇಶವಲ್ಲ, ವೃತ್ತಿಯ ಅಭ್ಯಾಸ. ಜೋಡಿ ನಮೂದು ಪದ್ಧತಿಯಲ್ಲಿ ಲೆಕ್ಕ ಬರೆಯುವವನು ಒಂದು ವಿಷಯವನ್ನು ಮರೆಯಲಾರ. ಒಂದು ಖಾತೆಗೆ ತಪ್ಪಾಗಿ ಜಮಾ ಆದ ಮೊತ್ತ ಆಕಾಶದಿಂದ ಉದುರಿದ್ದಲ್ಲ. ಅನೇಕ ವೇಳೆ ಅದು ಇನ್ನೊಂದು ಖಾತೆಗೆ ಸೇರಬೇಕಾಗಿದ್ದ ಮೊತ್ತ. ಹಾಗಾದರೆ ಈ ಹೆಚ್ಚಿನ ಸುತ್ತು ಯಾರದು? ಅವರು ಹಾಳೆಯ ಮೇಲೆ ಬೆರಳಾಡಿಸುತ್ತಾ ಕೆಳಗೆ ಬಂದರು. ಕಟ್ಟಕಡೆಯ ಸಾಲಿನಲ್ಲಿ, 52ನೆಯ ಸ್ಥಾನದಲ್ಲಿ, 186ನೆಯ ಸಂಖ್ಯೆಯ ಸವಾರರಿದ್ದರು. ಅವರ ಮುಂದೆ ಐದು ಸುತ್ತು ಎಂದಿತ್ತು. ನಡುವಿನ ಅಂಕಿಗೆ ಒಂದಿಷ್ಟು ಕೆಸರು ಮೆತ್ತಿದರೆ ಎಂಟು ಮೂರಾಗಿ ಕಾಣುತ್ತದೆ.

ಆ ಸವಾರರು ವಯಸ್ಸಾದವರು. ಹಾಳೆ ಗೋಡೆಗೇರುವ ಮೊದಲೇ ಊರಿಗೆ ಹೊರಟುಹೋಗಿದ್ದರು. ದೂರು ಕೊಡುವವರು ಯಾರೂ ಉಳಿದಿರಲಿಲ್ಲ. ನಷ್ಟವೇ ಇಲ್ಲವೆಂದು ತೋರಿದ ಲಾಭಕ್ಕೆ ಈಗ ಒಬ್ಬ ಯಜಮಾನ ದೊರೆತಂತಾಯಿತು. ಆ ಯಜಮಾನ ಎದುರಿಗಿಲ್ಲ ಎಂಬುದೊಂದೇ ವ್ಯತ್ಯಾಸ.

ಅವರು ಮಗಳ ಕೈ ಹಿಡಿದುಕೊಂಡೇ ತೀರ್ಪುಗಾರರ ಮೇಜಿನ ಬಳಿಗೆ ಹೋದರು. ಒದ್ದೆ ಕೋಟು ತೊಟ್ಟು ಕುಳಿತಿದ್ದ ಹಿರಿಯ ಮಹಿಳೆ, ತಾವು ಬರೆದ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ನಾಲ್ಕನೆಯ ಸುತ್ತಿನಲ್ಲಿ 136 ಎಂಬ ಸಂಖ್ಯೆ ಎರಡು ಬಾರಿ ಬಂದಿತ್ತು. 186 ಬಂದೇ ಇರಲಿಲ್ಲ. ಆಕೆ ಕೆಂಪು ಶಾಯಿಯಿಂದ ಎರಡೂ ಸಾಲುಗಳನ್ನು ತಿದ್ದಿದರು. "ನೀವು ಹೇಳದಿದ್ದರೆ ಯಾರೂ ಕೇಳುತ್ತಿರಲಿಲ್ಲ" ಎಂದಷ್ಟೇ ನುಡಿದರು. ಇವರು 37ನೆಯ ಸ್ಥಾನಕ್ಕೆ ಇಳಿದರು. ಆ ವೃದ್ಧರು 44ನೆಯ ಸ್ಥಾನಕ್ಕೆ ಏರಿದರು.

ಇದೇ ಕ್ರೀಡೆಯ ಇನ್ನೊಂದು ಪ್ರಸಂಗವನ್ನು ಇಲ್ಲಿ ನೆನೆಯಬಹುದು. 2016ರ ಜನವರಿಯಲ್ಲಿ ಬೆಲ್ಜಿಯಂನ ಜೋಲ್ಡರ್ ಎಂಬಲ್ಲಿ ವಿಶ್ವ ಸ್ಪರ್ಧೆ ನಡೆದಾಗ, 19 ವರ್ಷದ ಒಬ್ಬ ಸ್ಪರ್ಧಿಗಾಗಿ ಸಿದ್ಧವಾಗಿಟ್ಟಿದ್ದ ಸೈಕಲ್ಲಿನ ಚೌಕಟ್ಟಿನೊಳಗೆ ಗುಪ್ತವಾಗಿ ಅಡಗಿಸಿದ್ದ ಮೋಟಾರು ಪತ್ತೆಯಾಯಿತು. ಆ ಸೈಕಲ್ ತನ್ನದಲ್ಲವೆಂದು ಆಕೆ ಹೇಳಿದರೂ, ಆರು ವರ್ಷಗಳ ನಿಷೇಧ ಹಾಗೂ 20,000 ಸ್ವಿಸ್ ಫ್ರಾಂಕುಗಳ ದಂಡ ವಿಧಿಸಲಾಯಿತು. ಅಲ್ಲಿ ಪರೀಕ್ಷಿಸುವ ಅಧಿಕಾರಿಗಳಿದ್ದರು, ಉಪಕರಣಗಳಿದ್ದವು, ಶಿಕ್ಷೆಯೂ ಇತ್ತು. ಯಾರ್ಕ್‌ಶೈರಿನ ಆ ಗೋಡೆಯ ಬಳಿ ಇವು ಯಾವುವೂ ಇರಲಿಲ್ಲ. ಮಾಡಿದ ಮೋಸವನ್ನು ಹಿಡಿಯುವ ಉಪಕರಣಗಳಿವೆ. ತಾನಾಗಿ ಬಂದ ತಪ್ಪು ಲಾಭವನ್ನು ಮೌನವಾಗಿ ಇಟ್ಟುಕೊಳ್ಳುವವನನ್ನು ಹಿಡಿಯುವ ಉಪಕರಣ ಅವನೊಳಗೇ ಇರಬೇಕು.

ಮನೆಗೆ ಮರಳುವ ದಾರಿಯಲ್ಲಿ ಮಗಳು ಬಹಳ ಹೊತ್ತು ಮಾತನಾಡಲಿಲ್ಲ. ಅವಳಿಗೆ ಬೇಸರವಾಗಿತ್ತು. ತಂದೆ ಅವಳಿಗೆ ಬುದ್ಧಿವಾದ ಹೇಳಲು ಹೋಗಲಿಲ್ಲ, ಅವರಿಗೂ ಬೇಸರವಾಗಿತ್ತು. ಕೊನೆಗೆ ಅವಳು, "ಅಜ್ಜಿಗೆ ಏನು ಹೇಳುವುದು?" ಎಂದು ಕೇಳಿದಳು. "ಮೂವತ್ತೇಳು ಎಂದು ಹೇಳು" ಎಂದರು.

ತನ್ನ ಹೆಸರಿಗೆ ಬರೆದ ತಪ್ಪು ಅಂಕಿಯನ್ನು ತಾನೇ ತಿದ್ದಿಸುವುದು ಮಹತ್ಸಾಧನೆಯೇನಲ್ಲ; ನಿತ್ಯದ ಲೆಕ್ಕದಂತೆ ಸಾಮಾನ್ಯ ಕರ್ತವ್ಯ. ಅಂಗಡಿಯ ಗಲ್ಲದ ಮುಂದೆಯೂ, ಸಂಸ್ಥೆಯ ಲೆಕ್ಕಪುಸ್ತಕದಲ್ಲಿಯೂ ಇಂತಹ ಸುತ್ತುಗಳು ನಮ್ಮ ಹೆಸರಿಗೆ ಬಂದು ಕೂರುವುದುಂಟು. ಆಗ, ಇದರಿಂದ ಯಾರಿಗೂ ನಷ್ಟವಿಲ್ಲವೆಂದು ಕೈತೊಳೆದುಕೊಳ್ಳುವ ಮುನ್ನ ಹಾಳೆಯ ಕೊನೆಯ ಸಾಲಿನವರೆಗೆ ಬೆರಳಾಡಿಸಿ ನೋಡುವುದು ಒಳ್ಳೆಯದು.