ತಾತನ ಗಣಿ, ಅಪ್ಪನ ಕಂಪ್ಯೂಟರ್

ನಮ್ಮೂರು ಬೂದಿಕೋಟೆಯಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಆದರೆ ಹೋದ ಮಾರ್ಚಿನ ಒಂದು ರಾತ್ರಿ ಅದು ಹೋದಾಗ ಅಪ್ಪನ ಕಂಪ್ಯೂಟರಿನಲ್ಲಿ ಅಪ್‌ಡೇಟ್ ನಡೆಯುತ್ತಿತ್ತು. ಯುಪಿಎಸ್ಸಿನ ಬ್ಯಾಟರಿ ಸತ್ತು ಮೂರು ವರ್ಷವಾಗಿದೆ. ಅದೀಗ ಮೇಜಿನ ಕೆಳಗೆ ಅಪ್ಪ ಕಾಲಿಡುವ ಮಣೆ. ಬೆಳಿಗ್ಗೆ ಆನ್ ಮಾಡಿದರೆ ಪರದೆ ಬಂತಂತೆ, ಸ್ಟಾರ್ಟ್ ಒತ್ತಿದರೆ ಏನೂ ತೆರೆಯಲಿಲ್ಲವಂತೆ. ಬಂಗಾರಪೇಟೆಯ ಅಂಗಡಿಯವನು ಫೋನಿನಲ್ಲೇ ತೀರ್ಪು ಕೊಟ್ಟಿದ್ದ: "ಹಳೇದು ಸಾರ್, ಫಾರ್ಮ್ಯಾಟ್ ಮಾಡಿಬಿಡೋಣ."

ಅಪ್ಪ ನನಗೆ ಹಾಸ್ಟೆಲಿಗೆ ಫೋನ್ ಮಾಡಿ ಇಷ್ಟೇ ಹೇಳಿದರು: "ಏನಮ್ಮ, ಅದರೊಳಗೆ ನಿಮ್ಮ ತಾತ ಇದಾರೆ."

ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿ ಅದು. 2001ರ ಫೆಬ್ರವರಿ 28ಕ್ಕೆ ಗಣಿಗಳು ಮುಚ್ಚಿದ ಮೇಲೆ ಊರಿಗೆ ಬಂದು, ಜಗಲಿಯ ಮೇಲೆ ಕೂತು ಹೇಳುತ್ತಾ ಹೋದರು. ಮೇಷ್ಟರಾಗಿದ್ದ ಅಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಿವೃತ್ತರಾದ ಮೇಲೆ ಒಂದು ಬೆರಳಿನಲ್ಲಿ, ನುಡಿ ತಂತ್ರಾಂಶದಲ್ಲಿ, ಅಷ್ಟನ್ನೂ ಟೈಪ್ ಮಾಡಿದರು. ನೂರಾ ಹತ್ತು ಪುಟ. ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದಿತು. ತಾತ ಹೋಗಿ ಹತ್ತು ವರ್ಷ ದಾಟಿತು. ಅಪ್ಪನ ಬಲಗೈ ಈಗ ನಡುಗುತ್ತದೆ.

ನಾನು ಓದುತ್ತಿರುವುದು ಗ್ರಂಥಸಂಪಾದನೆ. ಒಂದೇ ಕೃತಿಯ ನಾಲ್ಕಾರು ಓಲೆಪ್ರತಿಗಳನ್ನು ಇಟ್ಟುಕೊಂಡು ಲಿಪಿಕಾರ ಎಲ್ಲಿ ತಪ್ಪಿದ, ಎಲ್ಲಿ ಕೈಯಿಂದ ಸೇರಿಸಿದ ಎಂದು ಹುಡುಕುವ ಕೆಲಸ. ಪ್ರತಿ ಒಂದೇ ಇದ್ದರೆ ಸಂಪಾದಕನ ಪಾಡು ಏನೆಂದು ಐದು ವರ್ಷದಿಂದ ಸೆಮಿನಾರುಗಳಲ್ಲಿ ಮಾತಾಡುತ್ತಿದ್ದೇನೆ. ಮನೆಯ ಆ ಫೈಲಿಗೆ ಇನ್ನೊಂದು ಪ್ರತಿ ಮಾಡಿಡಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ.

ಊರಿಗೆ ಹೋಗಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದೆ. ಟಾಸ್ಕ್ ಮ್ಯಾನೇಜರ್ ಬಂತು. ಅಲ್ಲಿಂದ ಅಡ್ಮಿನಿಸ್ಟ್ರೇಟರ್ ಅಧಿಕಾರದ ಕಪ್ಪು ಪರದೆ ತೆರೆದು 'ಎಸ್‌ಎಫ್‌ಸಿ ಸ್ಕ್ಯಾನ್‌ನೌ' ಎಂಬ ಆಜ್ಞೆ ಕೊಟ್ಟೆ. ವಿಂಡೋಸ್ ತನ್ನ ಮುಖ್ಯ ಫೈಲುಗಳ ಪ್ರತಿಗಳನ್ನು ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರಿನಲ್ಲಿ ಕಾಪಿಟ್ಟಿರುತ್ತದೆ. ಈ ಆಜ್ಞೆ ಕೊಟ್ಟರೆ ಬಳಕೆಯಲ್ಲಿರುವ ಒಂದೊಂದು ಫೈಲನ್ನೂ ತಾಳೆ ನೋಡಿ, ಕೆಟ್ಟಿದ್ದನ್ನು ತೆಗೆದು ಕಾಪಿಟ್ಟ ಪ್ರತಿಯನ್ನು ಅಲ್ಲಿ ಇಡುತ್ತದೆ. ನಮ್ಮದೇ ಕಸುಬು, ಪಾಠಾಂತರಗಳ ಜಗಳವಿಲ್ಲ ಅಷ್ಟೆ.

ನಲವತ್ತು ನಿಮಿಷವಾದ ಮೇಲೆ ಉತ್ತರ ಬಂತು: ಕೆಟ್ಟ ಫೈಲುಗಳು ಸಿಕ್ಕಿವೆ, ಕೆಲವನ್ನು ಸರಿಪಡಿಸಲಾಗಲಿಲ್ಲ. ಎಂದರೆ ಕಾಪಿಟ್ಟ ಪ್ರತಿಗೂ ಪೆಟ್ಟು ಬಿದ್ದಿದೆ. ಅದನ್ನು ರಿಪೇರಿ ಮಾಡಲು 'ಡಿಸ್ಮ್' ಎಂಬ ಬೇರೆಯೇ ಆಜ್ಞೆಯಿದೆ. ಅದು ಒಳ್ಳೆಯ ಪ್ರತಿಗಳನ್ನು ಇಂಟರ್‌ನೆಟ್ಟಿನಿಂದ ತರಿಸಿಕೊಳ್ಳುತ್ತದೆ. ಸರಿಯಾದ ಕ್ರಮವೆಂದರೆ ಮೊದಲು ಡಿಸ್ಮ್, ಆಮೇಲೆ ಎಸ್‌ಎಫ್‌ಸಿ. ನಾನು ಉಲ್ಟಾ ಮಾಡಿದ್ದೆ. ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಶುರು ಮಾಡಿದೆ. ಶೇಕಡಾ 62.3ಕ್ಕೆ ಬಂದು ನಿಂತಿತು. ಅಲ್ಲಿ ಬಹಳ ಜನಕ್ಕೆ ಹೀಗೇ ನಿಲ್ಲುತ್ತದೆ, ಕೈಹಾಕದೆ ಕಾಯಬೇಕು ಎಂದು ಓದಿದ್ದೆ. ಕಾದೆ.

ಕಾಯುವಾಗಲೇ ಕಿವಿಗೆ ಬಿದ್ದಿದ್ದು: ಸಿಪಿಯು ಡಬ್ಬದೊಳಗೆ ಕಟಕ್, ಕಟಕ್. ಹಾರ್ಡ್ ಡಿಸ್ಕಿನ ಸದ್ದು. ಹೊಟ್ಟೆಯೊಳಗೆ ತಣ್ಣಗಾಯಿತು. ಸಾಯುತ್ತಿರಬಹುದಾದ ಡಿಸ್ಕನ್ನು ಎರಡು ಗಂಟೆಯಿಂದ ಮೂಲೆಮೂಲೆಗೂ ಓಡಿಸುತ್ತಿದ್ದೇನೆ, ಅದೂ ಯಾರಿಗೂ ಬೇಡದ ಫೈಲುಗಳಿಗಾಗಿ. ವಿಂಡೋಸಿನದಾದರೆ ಜಗತ್ತಿನ ತುಂಬ ಪ್ರತಿಗಳಿವೆ. ಅಪ್ಪನ ಡಾಕ್ಯುಮೆಂಟ್ಸ್ ಫೋಲ್ಡರಿನ ಕಡೆಗೆ ಈ ಆಜ್ಞೆಗಳು ತಿರುಗಿಯೂ ನೋಡುವುದಿಲ್ಲ. ಫೈಲನ್ನು ಮೊದಲು ಪೆನ್‌ಡ್ರೈವಿಗೆ ಹಾಕಿಕೊಂಡು ಆಮೇಲೆ ಉಳಿದದ್ದು ಎಂಬುದು ಮಕ್ಕಳಿಗೂ ಗೊತ್ತಿರುವ ವಿಷಯ. ನನಗೆ ರಿಪೇರಿಯ ಹುಮ್ಮಸ್ಸು.

ಹಿಂದೆ ಅಪ್ಪ ಕುರ್ಚಿಯಲ್ಲಿ ಕೂತಿದ್ದರು. ಅವರಿಗೆ ಹೇಳಲಿಲ್ಲ. ಡಿಸ್ಮ್ ನೂರಕ್ಕೆ ಮುಟ್ಟಿದ ತಕ್ಷಣ, ಎರಡನೇ ಸಲ ಎಸ್‌ಎಫ್‌ಸಿ ಓಡಿಸುವುದನ್ನು ಬಿಟ್ಟು, ಅದೇ ಕಪ್ಪು ಪರದೆಯಿಂದ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿದೆ. ಮೂರು ನಿಮಿಷದ ಕೆಲಸ. ಉಸಿರು ಬಿಟ್ಟು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದೆ.

ಕನ್ನಡ ಇರಲಿಲ್ಲ. ನೂರಾ ಹತ್ತು ಪುಟವೂ ಪೌಂಡಿನ ಗುರುತು, ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ಬೀಟಾದಂಥ ಆಕಾರಗಳು.

ಡಿಸ್ಕ್ ತಿಂದುಹಾಕಿತು ಅಂದುಕೊಂಡೆ. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಅಪ್ಪ ಎದ್ದು ಬಂದು, ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿ, "ನಿನ್ನದರಲ್ಲಿ ನುಡಿ ಇಲ್ಲವಲ್ಲಮ್ಮ" ಎಂದರು, ಸ್ಲೇಟು ಮರೆತು ಬಂದ ಹುಡುಗಿಗೆ ಹೇಳುವ ಹಾಗೆ.

ಅಷ್ಟೇ ಆಗಿತ್ತು. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. 'ಕನ್ನಡ' ಎಂಬ ಪದ ಕಂಪ್ಯೂಟರಿನ ಮಟ್ಟಿಗೆ ಒಂದು ಪಿ, ಗೆರೆ ಹೊತ್ತ ಎ, ಪೌಂಡು, ಮತ್ತೆ ಎ, ಬೀಟಾದಂಥದ್ದು, ಕ್ಯೂ, ಮತ್ತೊಂದು ಎ. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಕನ್ನಡಕ್ಕೇ ಸ್ವಂತ ಸಂಕೇತಗಳನ್ನು ಕೊಟ್ಟ ಯೂನಿಕೋಡಿನಲ್ಲಿ ಈ ತಾಪತ್ರಯವಿಲ್ಲ. ಒಂದು ಕಾಲದ ಎಷ್ಟೋ ಸರ್ಕಾರಿ ಕಡತ, ಪತ್ರಿಕೆ, ಪುಸ್ತಕಗಳು ಹೀಗೆ ಫಾಂಟಿನ ದಯೆಯಲ್ಲಿವೆ. ನಮ್ಮ ಮನೆಯಲ್ಲಿ ಕೆಟ್ಟಂತೆ ಕಂಡ ಫೈಲು ಸರಿಯಾಗಿಯೇ ಇತ್ತು.

ಸಂಜೆ ಎರಡನೇ ಸಲದ ಎಸ್‌ಎಫ್‌ಸಿ ಮುಗಿದು ಸ್ಟಾರ್ಟ್ ಮೆನು ತೆರೆಯಿತು. ಡಿಸ್ಕ್ ಪರೀಕ್ಷಿಸಿದರೆ ಕೆಟ್ಟ ಸೆಕ್ಟರುಗಳು ಇದ್ದವು. ಮರುವಾರ ಹೊಸದು ಹಾಕಿಸಿದೆವು. ಆದರೆ ನಾನು ಹೇಳಬೇಕಿರುವುದು ಆಮೇಲಿನದು.

ಫೈಲಿನ ಪಠ್ಯವನ್ನು ಪರಿವರ್ತಕಕ್ಕೆ ಕೊಟ್ಟು ಯೂನಿಕೋಡಿಗೆ ತಂದೆ. ಬಹುಪಾಲು ಸರಿಯಾಗಿ ಬಂತು. ನಡುನಡುವೆ 'ಏಉಈ' ಎಂಬ ವಿಚಿತ್ರ ಪದ. 'ತಾತ ಏಉಈಗೆ ಹೋದ ವರ್ಷ', 'ಏಉಈ ಆಸ್ಪತ್ರೆ', 'ಏಉಈಯಲ್ಲಿ ಆಗ ದೀಪ'. ತಲೆ ಕೆರೆದುಕೊಂಡ ಮೇಲೆ ತಿಳಿಯಿತು: ಅಪ್ಪ ಸ್ಕ್ರೋಲ್ ಲಾಕ್ ಒತ್ತಿ ಇಂಗ್ಲಿಷಿಗೆ ಹೋಗಿ 'ಕೆಜಿಎಫ್' ಎಂದು ಟೈಪ್ ಮಾಡಿದ್ದಾರೆ. ನುಡಿಯಲ್ಲಿ ಕೆ ಜಾಗದಲ್ಲಿ ಏ, ಜಿ ಜಾಗದಲ್ಲಿ ಉ, ಎಫ್ ಜಾಗದಲ್ಲಿ ಈ. ಪರಿವರ್ತಕ ಊರನ್ನೇ ಪರಿವರ್ತಿಸಿತ್ತು.

ಒಂದೇ ಏಟಿಗೆ ಎಲ್ಲವನ್ನೂ ಬದಲಾಯಿಸಬಹುದು ಎಂದೆ. ಅಪ್ಪ ಒಪ್ಪಲಿಲ್ಲ. "ಓದಿಕೊಂಡೇ ಹೋಗೋಣ, ಬೇರೆ ತಪ್ಪೂ ಇರ್ತವೆ" ಎಂದರು. ಈಗ ಭಾನುವಾರ ಅವರು ಫೋನಿನಲ್ಲಿ, ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ. ನಾನು ಓದುತ್ತೇನೆ, ಅವರು ತಡೆಯುತ್ತಾರೆ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂದ ಭಾಗದಲ್ಲಿ ತಾತ, ನಮ್ಮೂರಿಗೆ ಮಾತ್ರ ಎಷ್ಟು ಕಾಲವಾದರೂ ಬರಲಿಲ್ಲವೆಂದು ಬೈದಿದ್ದರಂತೆ. ಅದನ್ನು ಟೈಪ್ ಮಾಡಲು ಬಿಟ್ಟಿದ್ದರಂತೆ. ಸೇರಿಸಿದೆ. ಗಣಿ ಮುಚ್ಚಿ ಪಂಪು ನಿಂತು ಒಳಗೆ ನೀರು ಏರಿದ್ದನ್ನು ತಾತ ಹೇಳಿದ್ದು ಒಂದು ಸಾಲು ಮಾತ್ರ. ಅಲ್ಲಿ ಅಪ್ಪ ಏನೂ ಸೇರಿಸಲಿಲ್ಲ, ಮುಂದೆ ಓದು ಎಂದರು.

ಪೆನ್‌ಡ್ರೈವಿನಲ್ಲಿ ಒಂದು ಪ್ರತಿಯಿದೆ, ನನ್ನ ಮೇಲ್‌ನಲ್ಲಿ ಒಂದು, ಅತ್ತೆಯ ಮನೆಯಲ್ಲಿ ಮುದ್ರಿಸಿದ್ದು ಒಂದು. ಮೂರರಲ್ಲೂ ಪಾಠ ಬೇರೆಬೇರೆಯಾಗಿಹೋಗಿದೆ. ನಾವಿನ್ನೂ ಮೂವತ್ತೊಂದನೇ ಪುಟದಲ್ಲಿದ್ದೇವೆ.